ವಿಕಾಸವಾದವೂ ಭಕ್ತರ ಆಕ್ಷೇಪಣೆಗಳೂ

ಶಾಲೆಯ ಬೆಳವಣಿಗೆ, ಪರೀಕ್ಷೆಗಳ ಫಲಿತಾಂಶ, ಕಟ್ಟಡದ ನಿಧಿ ಮೊದಲಾದವುಗಳ ವಿಷಯವಾಗಿ ಈ ಸಂಚಿಕೆಯಲ್ಲಿ ಬೇರೆ ಲೇಖನಗಳಿರುವುದರಿಂದ ನಾವು ಅವುಗಳನ್ನು ಮುಟ್ಟದೆ, ಪೋಷಕರೂ ನಮ್ಮ ಪೂರ್ವ ವಿದ್ಯಾರ್ಥಿನಿಯರೂ ಬಹುಕಾಲದಿಂದ ನಮ್ಮನ್ನು ಕೇಳುತ್ತಿರುವ ಒಂದು ಪ್ರಶ್ನೆಯನ್ನು ಎತ್ತಿಕೊಂಡಿದ್ದೇವೆ. ದೈವಭಕ್ತರಲ್ಲಿ ಕೆಲವರು ವಿಕಾಸವಾದವನ್ನು ಏಕೆ ಆಕ್ಷೇಪಿಸುತ್ತಾರೆ? ಆ ಆಕ್ಷೇಪಣೆಗಳಲ್ಲಿ ತಿರುಳೆಷ್ಟು, ಹೊಟ್ಟೆಷ್ಟು? ನಮ್ಮ ಮಕ್ಕಳಿಗೆ ನಾವು ಏನು ಹೇಳತಕ್ಕದ್ದು?

ಇದು ಬರಿಯ ಪಾಂಡಿತ್ಯದ ಪ್ರಶ್ನೆಯಲ್ಲವೆಂಬುದನ್ನು ನಾವು ತಡವಾಗಿ ತಿಳಿದೆವು. ಉಪಾಧ್ಯಾಯಿನಿಯಾಗಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, ಹತ್ತನೆಯ ತರಗತಿಯ ಜೀವಶಾಸ್ತ್ರದ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದಾಗ, ಚೆನ್ನಾಗಿ ಓದುವ ಒಬ್ಬ ಬಾಲಿಕೆಯು ನಾಲ್ಕು ಅಂಕಗಳ ಒಂದು ಪ್ರಶ್ನೆಗೆ ಏನನ್ನೂ ಬರೆಯದೆ ಬಿಟ್ಟಿರುವುದನ್ನು ಕಂಡೆವು. ಕರೆದು ಕೇಳಿದೆವು. “ಉತ್ತರ ಗೊತ್ತು ಅಮ್ಮಾ. ಆದರೆ ಅದನ್ನು ಬರೆದರೆ ದೇವರಿಲ್ಲವೆಂದು ನನ್ನ ಕೈಯಿಂದಲೇ ಬರೆದಂತೆ ಆಗುವುದಲ್ಲವೇ?” ಎಂದಳು. ಆಗ ನಮಗೆ ಅವಸರ, ಅನುಭವವೂ ಕಡಿಮೆ. “ಪರೀಕ್ಷೆಯಲ್ಲಿ ಪುಸ್ತಕದಲ್ಲಿರುವುದನ್ನು ಬರೆ, ಭಾನುವಾರ ಆರಾಧನೆಯಲ್ಲಿ ಕೇಳಿದ್ದನ್ನು ನಂಬು” ಎಂದು ಹೇಳಿ ಕಳುಹಿಸಿಬಿಟ್ಟೆವು. ಅವಳು ಹಾಗೆಯೇ ಮಾಡಿ ತೇರ್ಗಡೆಯಾದಳು.

ಆ ಬಾಲಿಕೆಯು ಈಗ ತಾಯಿ. ಕಳೆದ ವರ್ಷ ತನ್ನ ಮಗಳನ್ನು ನಮ್ಮ ಶಾಲೆಗೆ ಸೇರಿಸಲು ಬಂದವಳು, ಹೊರಡುವಾಗ ಬಾಗಿಲ ಬಳಿ ನಿಂತು, “ಅಂದು ನನಗೆ ಹೇಳಿದ ಉತ್ತರವನ್ನೇ ಇವಳಿಗೂ ಹೇಳುವಿರಾ ಅಮ್ಮಾ?” ಎಂದು ಕೇಳಿದಳು. ನಾವು ತಲೆತಗ್ಗಿಸಿದೆವು. ಕೊಳ್ಳುವುದಕ್ಕೊಂದು ಸೇರು, ಮಾರುವುದಕ್ಕೊಂದು ಸೇರು ಇಟ್ಟುಕೊಂಡ ವರ್ತಕನನ್ನು ಯಾರೂ ಪ್ರಾಮಾಣಿಕನೆನ್ನುವುದಿಲ್ಲ. ಸತ್ಯವನ್ನು ಅಳೆಯುವುದಕ್ಕೆ ಎರಡು ಸೇರುಗಳನ್ನು ನಾವೇ ಒಂದು ಮಗುವಿನ ಕೈಗೆ ಕೊಟ್ಟಿದ್ದೆವು. ಆ ತಾಯಿಗೆ ಅಂದು ಕೊಡಲಾರದೆ ಹೋದ ಉತ್ತರವೇ ಈ ಲೇಖನ.

ವಾದಮಾಡುವ ಕ್ರಮವನ್ನು ಕಲಿಯುವುದಕ್ಕೆ ನಾವು ದೂರ ಹೋಗಬೇಕಾದುದಿಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿದ್ದ ಕೋಡಿಯ ಮಠವನ್ನು ವರ್ಣಿಸುವ 1162ನೆಯ ಇಸವಿಯ ಶಾಸನವೊಂದುಂಟು. ಅದು ಶೈವರ ಮಠ. ಆದಾಗ್ಯೂ ಅಲ್ಲಿ ವೇದಗಳು, ವ್ಯಾಕರಣಗಳು, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯಗಳ ಜೊತೆಗೆ ಬೌದ್ಧ ದರ್ಶನದ ವ್ಯಾಖ್ಯಾನವೂ ನಡೆಯುತ್ತಿತ್ತೆಂದು ಆ ಶಾಸನವು ಹೇಳುತ್ತದೆ. ತಮಗೆ ಒಪ್ಪಿಗೆಯಿಲ್ಲದ ಮತವನ್ನೂ ಪೂರ್ಣವಾಗಿ ತಿಳಿದ ಮೇಲೆಯೇ ಉತ್ತರ ಹೇಳಬೇಕೆಂಬುದು ನಮ್ಮ ದೇಶದ ಹಳೆಯ ಪದ್ಧತಿ. ಮೊದಲು ಪೂರ್ವಪಕ್ಷ, ಅನಂತರ ಸಿದ್ಧಾಂತ. ನಾವೂ ಹಾಗೆಯೇ ಮಾಡೋಣ.

ಮೊದಲಿಗೆ ವಿಕಾಸವಾದವು ಏನು ಹೇಳುತ್ತದೆಂಬುದನ್ನು ಸಂಕ್ಷೇಪವಾಗಿ ತಿಳಿಯುವುದು ಅವಶ್ಯ. ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್ ಎಂಬ ಪ್ರಕೃತಿಶಾಸ್ತ್ರಜ್ಞನು 1859ರಲ್ಲಿ ಜೀವಿಜಾತಿಗಳ ಉಗಮವನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಅದರ ಮುಖ್ಯಾಂಶಗಳು ನಮ್ಮ ಒಕ್ಕಲುಮಕ್ಕಳಿಗೆ ಹೊಸವಲ್ಲ. ಒಂದೇ ತೆನೆಯ ಕಾಳುಗಳೆಲ್ಲವೂ ಒಂದೇ ಸಮನಾಗಿರುವುದಿಲ್ಲ. ಗಟ್ಟಿಯಾದ ತೆನೆಯನ್ನು ಆರಿಸಿ ಬೀಜಕ್ಕೆ ತೆಗೆದಿಡುವ ರೈತಗಿತ್ತಿಯು ವರ್ಷ ವರ್ಷಕ್ಕೂ ತಳಿಯನ್ನು ಸ್ವಲ್ಪ ಸ್ವಲ್ಪವಾಗಿ ತಿದ್ದುತ್ತಾಳೆ. ಮನುಷ್ಯನು ಆರಿಸುವಂತೆಯೇ ಮಳೆ, ಬಿಸಿಲು, ರೋಗ, ಶತ್ರುಗಳು, ಆಹಾರದ ಅಭಾವ ಇವುಗಳೂ ಆರಿಸುತ್ತವೆ. ಸನ್ನಿವೇಶಕ್ಕೆ ಹೊಂದಿದವು ಹೆಚ್ಚು ಮರಿಗಳನ್ನು ಬಿಡುತ್ತವೆ, ಹೊಂದದವು ಕ್ರಮೇಣ ಅಳಿಯುತ್ತವೆ. ಇದು ಕೋಟ್ಯಂತರ ವರ್ಷ ನಡೆದರೆ ಒಂದೇ ಮೂಲದಿಂದ ಬೇರೆ ಬೇರೆ ಜಾತಿಯ ಜೀವಿಗಳು ಕವಲೊಡೆಯುತ್ತವೆ ಎಂಬುದೇ ಈ ವಾದದ ಸಾರಾಂಶ.

ಇದರ ಒಂದು ಚಿಕ್ಕ ರೂಪವನ್ನು ನಮ್ಮ ಸೀಮೆಯ ರೈತರು ಬಲ್ಲರು. ಮೆಕ್ಕೆಜೋಳವನ್ನು ತಿನ್ನುವ ಸೈನಿಕ ಹುಳುವು ಭರತಖಂಡದಲ್ಲಿ ಮೊತ್ತಮೊದಲು ಗೊತ್ತಾದುದು 2018ರಲ್ಲಿ, ನಮ್ಮ ಶಿವಮೊಗ್ಗೆಯ ಹೊಲಗಳಲ್ಲಿಯೇ. ಈ ಹುಳುವಿನ ತವರಾದ ಅಮೆರಿಕಾ ಖಂಡದಲ್ಲಿ ಅದು ಅನೇಕ ಕೀಟನಾಶಕಗಳಿಗೆ ಜಗ್ಗದಂತಾಗಿದೆ. ಔಷಧಿ ಹೊಡೆದಾಗ ತಡೆದುಕೊಳ್ಳಬಲ್ಲ ಕೆಲವು ಹುಳುಗಳು ಮಾತ್ರ ಉಳಿಯುತ್ತವೆ; ಮುಂದಿನ ಸಂತತಿಯೆಲ್ಲವೂ ಅವುಗಳದೇ. ಹುಳುವು ಯೋಚಿಸಿ ಬದಲಾಗಲಿಲ್ಲ. ಬದಲಾದುದು ಉಳಿದವರ ವಂಶ.

ಇನ್ನು ಆಕ್ಷೇಪಣೆಗಳು. ಇವುಗಳಲ್ಲಿ ಮೊದಲನೆಯದು ಶಾಸ್ತ್ರಪ್ರಮಾಣಕ್ಕೆ ಸಂಬಂಧಪಟ್ಟದ್ದು. ಸತ್ಯವೇದದ ಆದಿಕಾಂಡವು ದೇವರು ಆರು ದಿನಗಳಲ್ಲಿ ಜಗತ್ತನ್ನು ಸೃಷ್ಟಿಸಿ, ಜೀವಿಗಳನ್ನು ಅವುಗಳ ಜಾತಿಗನುಸಾರವಾಗಿ ಉಂಟುಮಾಡಿದನೆಂದು ಹೇಳುತ್ತದೆ. ಐರ್ಲೆಂಡಿನ ಅಷರ್ ಎಂಬ ಮಹಾಧ್ಯಕ್ಷನು 1650ರಲ್ಲಿ ಸತ್ಯವೇದದ ವಂಶಾವಳಿಗಳನ್ನು ಲೆಕ್ಕಹಾಕಿ, ಸೃಷ್ಟಿಯು ಕ್ರಿಸ್ತಪೂರ್ವ 4004ರಲ್ಲಿ ಆಯಿತೆಂದು ನಿರ್ಣಯಿಸಿದನು. ಆ ಇಸವಿಯು ಬಹುಕಾಲ ಇಂಗ್ಲಿಷ್ ಸತ್ಯವೇದಗಳ ಅಂಚಿನಲ್ಲಿ ಅಚ್ಚಾಗುತ್ತಿದ್ದುದರಿಂದ, ಓದುವವರು ಅದನ್ನೂ ವೇದವಾಕ್ಯವೆಂದೇ ಭಾವಿಸಿದರು. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷವೆಂದು ವಿಜ್ಞಾನಿಗಳು ಹೇಳುವಾಗ ಇಂಥ ಭಕ್ತನ ಮನಸ್ಸಿನಲ್ಲಿ ಏಳುವ ಭಯವು ಇದು: ಮೊದಲನೆಯ ಪುಟವೇ ಸುಳ್ಳಾದರೆ, ಪಾಪಕ್ಷಮೆಯನ್ನೂ ಪುನರುತ್ಥಾನವನ್ನೂ ಹೇಳುವ ಕೊನೆಯ ಪುಟಗಳನ್ನು ಹೇಗೆ ನಂಬುವುದು? ಈ ಭಯವನ್ನು ನಾವು ಹಾಸ್ಯಮಾಡಬಾರದು. ಮರಣಶಯ್ಯೆಯಲ್ಲಿ ಆ ಪುಟಗಳೇ ಆಧಾರವಾಗಿರುವ ಅಜ್ಜಿಯರನ್ನು ನಾವು ನೋಡಿದ್ದೇವೆ.

ಆದರೆ ಆದಿಕಾಂಡವನ್ನು ಹೀಗೆ ಮಾತ್ರ ಓದಬೇಕೆಂಬುದು ಸಭೆಯ ಸಾರ್ವತ್ರಿಕ ಮತವಲ್ಲ. ಡಾರ್ವಿನನಿಗಿಂತ ಸುಮಾರು 1,400 ವರ್ಷಗಳ ಹಿಂದೆಯೇ ಆಫ್ರಿಕಾದ ಭಕ್ತ ಅಗಸ್ತೀನನು, ಆ ದಿನಗಳು ನಮ್ಮ ಸೂರ್ಯೋದಯ ಸೂರ್ಯಾಸ್ತಗಳ ದಿನಗಳಲ್ಲವೆಂದು ವಿಚಾರಮಾಡಿದ್ದನು. ಕ್ರೈಸ್ತರು ಪ್ರಕೃತಿಯ ವಿಷಯವಾಗಿ ಅರಿಯದೆ ಮಾತನಾಡಿ, ಅರಿತವರ ಮುಂದೆ ವೇದಕ್ಕೇ ಅಪಹಾಸ್ಯವನ್ನು ತರಬಾರದೆಂದೂ ಎಚ್ಚರಿಸಿದ್ದನು. ವಿಕಾಸವಾದವನ್ನು ಒಪ್ಪಿ ಉಪನ್ಯಾಸಮಾಡಿದ ಫ್ರೆಡರಿಕ್ ಟೆಂಪಲ್ ಎಂಬವರು 1896ರಲ್ಲಿ ಕ್ಯಾಂಟರ್ಬರಿಯ ಮಹಾಧ್ಯಕ್ಷ ಪದವಿಗೆ ಆರಿಸಲ್ಪಟ್ಟರು. ರೋಮಾಪುರಿಯ ಹನ್ನೆರಡನೆಯ ಪಯಸ್ ಪೋಪರು, ಆತ್ಮವನ್ನು ದೇವರೇ ನೇರವಾಗಿ ಸೃಷ್ಟಿಸುತ್ತಾನೆಂಬ ನಂಬಿಕೆಯನ್ನು ಬಿಡದೆ, ಮಾನವ ಶರೀರದ ಉತ್ಪತ್ತಿಯನ್ನು ವಿಚಾರಿಸಲು 1950ರಲ್ಲಿ ಅವಕಾಶ ಕೊಟ್ಟರು; ಎರಡನೆಯ ಜಾನ್ ಪಾಲ್ ಪೋಪರು 1996ರಲ್ಲಿ ಈ ವಾದವು ಬರಿಯ ಊಹೆಗಿಂತ ಹೆಚ್ಚಿನದೆಂದು ಹೇಳಿದರು. ಇನ್ನೊಂದು ಕಡೆ, ಅಮೆರಿಕಾದಲ್ಲಿ 1961ರಲ್ಲಿ ವಿಟ್ಕಂಬ್ ಮತ್ತು ಮಾರಿಸ್ ಎಂಬಿಬ್ಬರು ನೋಹನ ಜಲಪ್ರಳಯವನ್ನು ಕುರಿತು ಬರೆದ ಗ್ರಂಥದಿಂದ, ಭೂಮಿಯು ಕೆಲವೇ ಸಾವಿರ ವರ್ಷಗಳದೆಂಬ ಪಕ್ಷವು ಹೊಸದಾಗಿ ಬಲಗೊಂಡಿತು. ಆದುದರಿಂದ ನಮ್ಮ ಕೆಲವು ಮನೆಗಳಿಗೆ ಕಿರುಪುಸ್ತಕಗಳ ಮೂಲಕ ಬರುವ ಈ ಬೋಧನೆಯನ್ನು ಪುರಾತನ ಕ್ರೈಸ್ತಧರ್ಮದ ಏಕೈಕ ದನಿಯೆಂದು ತಿಳಿಯುವುದು ಸರಿಯಲ್ಲ.

ಎರಡನೆಯ ಆಕ್ಷೇಪಣೆಯು ರಚನೆಯನ್ನು ಕುರಿತದ್ದು. ಸೊರಬದ ಗುಡಿಗಾರರ ಶ್ರೀಗಂಧದ ಕೆತ್ತನೆಯನ್ನು ನೋಡದವರು ನಮ್ಮಲ್ಲಿ ವಿರಳ. ಕಾಡಿನ ದಾರಿಯಲ್ಲಿ ಅಂಥ ಒಂದು ಕೆತ್ತನೆಯ ಪೆಟ್ಟಿಗೆಯು ಸಿಕ್ಕಿದರೆ, ಗಾಳಿ ಮಳೆಗಳಿಗೆ ಸಿಕ್ಕಿ ಮರವು ತಾನಾಗಿಯೇ ಹೀಗಾಯಿತೆಂದು ಯಾರು ಹೇಳುವರು? ಗುಡಿಗಾರನೊಬ್ಬನಿರಲೇಬೇಕು. ಹಾಗಾದರೆ ಆ ಪೆಟ್ಟಿಗೆಗಿಂತ ಸಾವಿರ ಪಾಲು ಸೂಕ್ಷ್ಮವಾದ ಕಣ್ಣು ತಾನಾಗಿಯೇ ಆಯಿತೇ? ಈ ತರ್ಕವು ಬಹು ಸುಂದರವಾದುದು. ಡಾರ್ವಿನನೂ ವಿದ್ಯಾರ್ಥಿಯಾಗಿದ್ದಾಗ ಇಂಥ ತರ್ಕವನ್ನು ಓದಿ ಮೆಚ್ಚಿದ್ದನು.

ಆದರೆ ಒಂದು ಭೇದವುಂಟು. ಶ್ರೀಗಂಧದ ಪೆಟ್ಟಿಗೆಯು ಮರಿ ಹಾಕುವುದಿಲ್ಲ; ಅದರ ಮರಿಗಳಲ್ಲಿ ಉತ್ತಮವಾದವು ಉಳಿದು ಉಳಿದವು ಅಳಿಯುವುದೂ ಇಲ್ಲ. ಜೀವಿಗಳಿಗೆ ಈ ಎರಡು ಗುಣಗಳೂ ಇವೆ. ನಮ್ಮ ಸಹ್ಯಾದ್ರಿಯ ಕಾಡುಗಳಲ್ಲಿ ಹಾರುವ ಓತಿಯೊಂದುಂಟು. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯನ್ನು ಓದಿದವರಿಗೆ ಅದರ ಪರಿಚಯವಿದೆ. ಅದು ರೆಕ್ಕೆಯನ್ನು ಹೊಸದಾಗಿ ಪಡೆದುದಲ್ಲ. ಎಲ್ಲಾ ಓತಿಗಳಿಗೂ ಇರುವ ಪಕ್ಕೆಲುಬುಗಳೇ ನೀಳವಾಗಿ ಚಾಚಿ, ಅವುಗಳ ಮೇಲೆ ಚರ್ಮವು ಹರಡಿ, ಮರದಿಂದ ಮರಕ್ಕೆ ತೇಲುವ ಸಾಧನವಾಗಿದೆ. ಪ್ರಕೃತಿಯ ಕೆಲಸದ ರೀತಿಯೇ ಹೀಗೆ. ಹಳೆಯ ಸಾಮಗ್ರಿಯನ್ನು ತಿದ್ದಿ ಹೊಸ ಉಪಯೋಗಕ್ಕೆ ತರುವುದು. ಇಷ್ಟರಿಂದ ಸೃಷ್ಟಿಕರ್ತನಿಲ್ಲವೆಂದು ಆಗುವುದೇ? ಡಾರ್ವಿನನ ಆಪ್ತಮಿತ್ರನೂ ದೃಢಭಕ್ತನೂ ಆಗಿದ್ದ ಅಮೆರಿಕಾದ ಸಸ್ಯಶಾಸ್ತ್ರಜ್ಞ ಏಸಾ ಗ್ರೇ ಎಂಬವನಿಗೆ ಹಾಗೆ ತೋರಲಿಲ್ಲ. ತಾವಾಗಿಯೇ ಬೆಳೆದು ಬದಲಾಗಬಲ್ಲ ಜೀವಿಗಳನ್ನು ಉಂಟುಮಾಡಿದ ದೇವರು ಇನ್ನೂ ಮಹಿಮೆಯುಳ್ಳವನೆಂದು ಚಾರ್ಲ್ಸ್ ಕಿಂಗ್ಸ್ಲಿ ಎಂಬ ಪಾದ್ರಿಯು ಭಾವಿಸಿದನು. ಮಳೆ ಹೇಗೆ ಬರುತ್ತದೆಂದು ಬಾಲಿಕೆಯರು ಭೂಗೋಳದ ಪಾಠದಲ್ಲಿ ಕಲಿತ ಮಾತ್ರಕ್ಕೆ, ಮಳೆಗಾಗಿ ಪ್ರಾರ್ಥಿಸಿ ಬಂದ ಮೇಲೆ ಸ್ತೋತ್ರ ಸಲ್ಲಿಸುವುದನ್ನು ನಾವು ಬಿಟ್ಟಿಲ್ಲವಷ್ಟೆ.

ಮೂರನೆಯ ಆಕ್ಷೇಪಣೆಯೇ ಎಲ್ಲರ ಬಾಯಲ್ಲಿರುವಂಥದು: “ಹಾಗಾದರೆ ನಾವು ಮಂಗನ ಮಕ್ಕಳೇ?” ದೇವರ ಸ್ವರೂಪದಲ್ಲಿ ಉಂಟಾದ ಮನುಷ್ಯನಿಗೆ ಇದು ಅವಮಾನವೆಂದು ಕ್ರೈಸ್ತನಿಗೂ, ಮಣ್ಣಿನಿಂದ ಉಂಟಾದ ಆದಾಮನ ಸಂತತಿಯೆಂದು ತಿಳಿದ ಮುಸಲ್ಮಾನನಿಗೂ ತೋರುತ್ತದೆ. ಇಲ್ಲಿ ಮೊದಲು ಒಂದು ತಪ್ಪನ್ನು ತಿದ್ದಬೇಕು. ಇಂದಿನ ಮಂಗವು ನಮ್ಮ ಅಜ್ಜನೆಂದು ಯಾವ ವಿಜ್ಞಾನಿಯೂ ಹೇಳಿಲ್ಲ. ಅದು ದಾಯಾದಿ. ಚಿಂಪಾಂಜಿಯ ವಂಶವೂ ನಮ್ಮದೂ ಸುಮಾರು 60–70 ಲಕ್ಷ ವರ್ಷಗಳ ಹಿಂದೆ ಬೇರೆಯಾದವು. ನಮ್ಮ ತೋಟಗಳಿಗೆ ಬರುವ ಕೋಡಗ ಮುಸುವಗಳ ವಂಶವು ಅದಕ್ಕಿಂತ ಬಹು ಮೊದಲೇ, ಸುಮಾರು ಎರಡೂವರೆ ಮೂರು ಕೋಟಿ ವರ್ಷಗಳ ಹಿಂದೆ, ಕವಲಾಯಿತು.

ಈ ದಾಯಾದಿತನಕ್ಕೆ ಸಾಕ್ಷಿಯೇನು? ಉಪಾಧ್ಯಾಯಿನಿಯರಾದ ನಮಗೆ ಬಹಳ ಮನವರಿಕೆಯಾದ ಒಂದನ್ನು ಹೇಳುತ್ತೇವೆ. ಹಸು, ಮೇಕೆ, ನಾಯಿ ಇವು ತಮಗೆ ಬೇಕಾದ ಸಿ ಜೀವಸತ್ವವನ್ನು ತಮ್ಮ ದೇಹದಲ್ಲಿಯೇ ತಯಾರಿಸಿಕೊಳ್ಳುತ್ತವೆ. ಮನುಷ್ಯರಿಗೂ ಮಂಗಗಳಿಗೂ ಅದು ಸಾಧ್ಯವಿಲ್ಲ. ನೆಲ್ಲಿಕಾಯಿ, ನಿಂಬೆ ಮೊದಲಾದವುಗಳಿಂದಲೇ ಪಡೆಯಬೇಕು. ಅದನ್ನು ತಯಾರಿಸುವ ಆನುವಂಶಿಕ ಬರಹವು ನಮ್ಮ ದೇಹದಲ್ಲಿಯೂ ಅವುಗಳ ದೇಹದಲ್ಲಿಯೂ ಇದೆ, ಆದರೆ ಎರಡರಲ್ಲಿಯೂ ಕೆಟ್ಟುಹೋಗಿದೆ. ಎರಡು ಉತ್ತರಪತ್ರಿಕೆಗಳಲ್ಲಿ ಸರಿಯಾದ ಉತ್ತರಗಳು ಒಂದೇ ಆಗಿದ್ದರೆ ನಾವು ಸಂಶಯಪಡುವುದಿಲ್ಲ. ಒಂದೇ ಸ್ಥಳದಲ್ಲಿ ಒಂದೇ ತಪ್ಪಿದ್ದರೆ, ಎರಡಕ್ಕೂ ಮೂಲಪ್ರತಿಯು ಒಂದೇ ಎಂದು ಕೂಡಲೇ ತಿಳಿಯುತ್ತೇವೆ.

ಈ ಸಂಬಂಧವನ್ನು ಸೊರಬದವರಿಗೆ ಇನ್ನೂ ಕಠಿಣವಾಗಿ ನೆನಪಿಸಿದ ಸಂಗತಿಯೊಂದುಂಟು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳ ಜನರೂ ಉಗ್ರ ಜ್ವರದಿಂದ ಮಲಗಿದರು. ಉಣ್ಣೆಗಳ ಮೂಲಕ ಹರಡುವ ಆ ರೋಗವು ಇಂದು ಜಗತ್ತಿನ ವೈದ್ಯಗ್ರಂಥಗಳಲ್ಲಿ ಕ್ಯಾಸನೂರಿನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ನಾವು ಮಂಗನ ಕಾಯಿಲೆಯೆನ್ನುತ್ತೇವೆ. ಉಣ್ಣೆಗಳನ್ನು ಮೈಮೇಲೆ ಹೊತ್ತು ತರುವ ದನಗಳು ಈ ರೋಗದಿಂದ ನರಳುವುದಿಲ್ಲ. ಮಂಗಗಳೂ ಮನುಷ್ಯರೂ ನರಳುತ್ತಾರೆ. ಇದೊಂದೇ ವಂಶಸಂಬಂಧಕ್ಕೆ ಪ್ರಮಾಣವೆಂದು ನಾವು ಹೇಳುವುದಿಲ್ಲ. ಆದರೆ ಕಾಡಿನಲ್ಲಿ ಸತ್ತ ಮಂಗವನ್ನು ಕಂಡೊಡನೆ ಆರೋಗ್ಯಾಧಿಕಾರಿಗಳಿಗೆ ತಿಳಿಸಬೇಕೆಂದು ನಮ್ಮ ಮಕ್ಕಳಿಗೆ ಕಲಿಸುವಾಗ, ಅವುಗಳ ದೇಹಕ್ಕೂ ನಮ್ಮ ದೇಹಕ್ಕೂ ಇರುವ ಸಮೀಪವನ್ನು ಕಾರ್ಯತಃ ಒಪ್ಪಿಕೊಂಡೇ ಇದ್ದೇವೆ.

ಇದರಿಂದ ಮಾನವನ ಗೌರವವು ಕುಂದುವುದೇ? ಸತ್ಯವೇದವು ಮನುಷ್ಯನನ್ನು ನೆಲದ ಮಣ್ಣಿನಿಂದ ಉಂಟುಮಾಡಲ್ಪಟ್ಟವನೆಂದು ಹೇಳುತ್ತದೆ. ಮಣ್ಣಿನಿಂದ ಬಂದವನೆಂದು ನಾಚದವರು, ಜೀವವುಳ್ಳ ಪ್ರಾಣಿಗಳ ಸಂಬಂಧಿಯೆಂದು ನಾಚುವುದೇಕೆ? ಹುಚ್ಚರಾಯಸ್ವಾಮಿಯೆಂಬ ಹೆಸರಿನಿಂದ ಆಂಜನೇಯನನ್ನು ಪೂಜಿಸುವ ಶಿಕಾರಿಪುರದಲ್ಲಿ, ಸತ್ತ ಕೋತಿಗೂ ಹೂವಿಟ್ಟು ಮಣ್ಣು ಮಾಡುವ ಈ ಸೀಮೆಯಲ್ಲಿ, ಮಂಗನೆಂಬ ಶಬ್ದಕ್ಕೆ ಇಂಗ್ಲೆಂಡಿನ ಪಂಡಿತರಿಗೆ ತೋರಿದಷ್ಟು ಹೀನಾರ್ಥವಿಲ್ಲ. ದೇವರ ಸ್ವರೂಪವೆಂಬುದು ಎಲುಬಿನ ಆಕಾರದಲ್ಲಿಲ್ಲ; ನ್ಯಾಯ ಅನ್ಯಾಯಗಳನ್ನು ತಿಳಿಯುವ, ಪ್ರೀತಿಸುವ, ಪ್ರಾರ್ಥಿಸುವ ಶಕ್ತಿಯಲ್ಲಿದೆಯೆಂದು ನಾವು ನಂಬುತ್ತೇವೆ.

ನಾಲ್ಕನೆಯ ಆಕ್ಷೇಪಣೆಯು ನೀತಿಗೆ ಸಂಬಂಧಪಟ್ಟದ್ದು. ನಮ್ಮ ಅಭಿಪ್ರಾಯದಲ್ಲಿ ಅತ್ಯಂತ ಗೌರವಾರ್ಹವಾದುದು. ಬಲವುಳ್ಳದ್ದು ಬದುಕಿ ದುರ್ಬಲವಾದುದು ಅಳಿಯುವುದೇ ಪ್ರಕೃತಿಯ ನಿಯಮವೆಂದು ಮಕ್ಕಳಿಗೆ ಕಲಿಸಿದರೆ, ಅವರು ಬಡವರನ್ನೂ ಅಂಗಹೀನರನ್ನೂ ಕನಿಕರಿಸುವರೇ? ಅಮೆರಿಕಾದ ಟೆನೆಸಿ ಸಂಸ್ಥಾನದಲ್ಲಿ 1925ರಲ್ಲಿ, ಮಾನವ ವಿಕಾಸವನ್ನು ಬೋಧಿಸಿದನೆಂದು ಸ್ಕೋಪ್ಸ್ ಎಂಬ ಉಪಾಧ್ಯಾಯನ ಮೇಲೆ ಮೊಕದ್ದಮೆ ನಡೆದು 100 ಡಾಲರು ಜುಲ್ಮಾನೆಯಾಯಿತು. ಆ ಕಾನೂನು 1967ರಲ್ಲಿ ರದ್ದಾಯಿತು. ಸ್ಕೋಪ್ಸನಿಗೆ ವಿರುದ್ಧವಾಗಿ ವಾದಿಸಿದ ಬ್ರಯಾನ್ ಎಂಬ ಮುಖಂಡನನ್ನು ಪತ್ರಿಕೆಗಳು ಮೂಢನೆಂದು ಹೀಯಾಳಿಸಿದವು. ಆದರೆ ಈ ವಾದವು ಯುದ್ಧೋನ್ಮಾದಕ್ಕೂ ದುರ್ಬಲರ ತಿರಸ್ಕಾರಕ್ಕೂ ದಾರಿಯಾದೀತೆಂಬ ಅವನ ಭಯವು ಕೇವಲ ಭ್ರಮೆಯಾಗಿರಲಿಲ್ಲ. ಆ ಶಾಲೆಯ ಪಠ್ಯಪುಸ್ತಕದಲ್ಲಿಯೇ ಮಾನವ ಕುಲಗಳನ್ನು ಮೇಲು ಕೀಳೆಂದು ಎಣಿಸಿ ಬಿಳಿಯರನ್ನು ಮೇಲಿರಿಸಿದ್ದರು. ಹೀನವೆಂದು ಅವರು ಕರೆದ ಕುಟುಂಬಗಳ ಸಂತಾನವನ್ನು ತಡೆಯಬೇಕೆಂದೂ ಬರೆದಿದ್ದರು. ವಿಜ್ಞಾನದ ಹೆಸರಿನಲ್ಲಿ ಅಂದು ಬರೆದ ಆ ಮಾತುಗಳು ಸುಳ್ಳು. ನೊಂದ ಭಕ್ತರ ಕೋಪವು ಅಷ್ಟರಮಟ್ಟಿಗೆ ನ್ಯಾಯವಾದುದು.

ನಾವು ಇದಕ್ಕೆ ಹೇಳುವ ಉತ್ತರವಿಷ್ಟೆ. ಪ್ರಕೃತಿಯಲ್ಲಿ ಏನು ನಡೆಯುತ್ತದೆಂಬುದು ಒಂದು ಪ್ರಶ್ನೆ. ನಾವು ಏನು ಮಾಡಬೇಕೆಂಬುದು ಇನ್ನೊಂದು. ಸಿಡುಬು ಹೇಗೆ ಹರಡುತ್ತದೆಂದು ಕಲಿಸಿದ ಉಪಾಧ್ಯಾಯಿನಿಯು ಸಿಡುಬನ್ನು ಹರಡೆಂದು ಹೇಳಿದಂತಾಗುವುದಿಲ್ಲ. ಮನುಷ್ಯರೆಲ್ಲರೂ ಒಂದೇ ಮೂಲದ ಒಂದೇ ಕುಲವೆಂದು ಇಂದಿನ ಜೀವಶಾಸ್ತ್ರವು ಸಾರುತ್ತದೆ. ಹುಟ್ಟಿನಿಂದ ಮೇಲು ಕೀಳೆಣಿಸುವ ನಮ್ಮ ಸಮಾಜದಲ್ಲಿ ಇದು ಸುವಾರ್ತೆಗೆ ಹತ್ತಿರವಾದ ಮಾತೇ ಸರಿ.

ಕ್ರೈಸ್ತರು ಮಾತ್ರವೇ ಆಕ್ಷೇಪಿಸುವರೆಂದು ತಿಳಿಯಬಾರದು. ಬ್ರಹ್ಮನ ಒಂದು ಹಗಲಿಗೆ 432 ಕೋಟಿ ವರ್ಷಗಳನ್ನೆಣಿಸುವ ಹಿಂದೂ ಪುರಾಣಗಳಿಗೆ ಭೂಮಿಯ ವಯಸ್ಸಿನಿಂದ ತೊಂದರೆಯಿಲ್ಲ. ದಶಾವತಾರದ ಮತ್ಸ್ಯ ಕೂರ್ಮಾದಿಗಳಲ್ಲಿ ವಿಕಾಸದ ಛಾಯೆಯನ್ನು ಕಾಣುವವರೂ ಉಂಟು. ಆದಾಗ್ಯೂ 2018ರ ಜನವರಿಯಲ್ಲಿ ಅಂದಿನ ಕೇಂದ್ರ ರಾಜ್ಯ ಸಚಿವರಾದ ಸತ್ಯಪಾಲ್ ಸಿಂಗರು, ಮಂಗವು ಮನುಷ್ಯನಾದುದನ್ನು ನಮ್ಮ ಪೂರ್ವಿಕರಾರೂ ಕಂಡುದಾಗಿ ಹೇಳಿಲ್ಲ, ಬರೆದಿಲ್ಲ. ಆದುದರಿಂದ ಡಾರ್ವಿನನ ವಾದವು ತಪ್ಪು, ಪಾಠದಿಂದ ತೆಗೆಯತಕ್ಕದ್ದು ಎಂಬರ್ಥದ ಮಾತನ್ನಾಡಿದರು. ಬೆಂಗಳೂರಿನ ವಿಜ್ಞಾನ ಅಕಾಡೆಮಿಯೂ ಸೇರಿದಂತೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಇದನ್ನು ನಿರಾಕರಿಸಿದವು. ಯಾರೂ ಕಣ್ಣಾರೆ ಕಾಣಲಿಲ್ಲವೆಂಬ ವಾದಕ್ಕೆ ನಮ್ಮ ತಾಳಗುಂದದ ಕಂಬವೇ ಉತ್ತರ. ಕದಂಬ ಮಯೂರಶರ್ಮನನ್ನು ನಮ್ಮಲ್ಲಿ ಯಾರೂ ಕಂಡಿಲ್ಲ. ಆದರೆ ಕಲ್ಲಿನ ಬರಹವನ್ನು ಓದಿ ಅವನ ಚರಿತ್ರೆಯನ್ನು ನಂಬುತ್ತೇವೆ. ಭೂಮಿಯ ಪದರಗಳೂ ಜೀವಿಗಳ ದೇಹಗಳೂ ಅಂಥ ಶಾಸನಗಳೇ. 2023ರಲ್ಲಿ ಕೇಂದ್ರದ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ವಿಕಾಸದ ಭಾಗವನ್ನು ಕೈಬಿಟ್ಟಾಗ, 1,800ಕ್ಕೂ ಹೆಚ್ಚು ವಿಜ್ಞಾನಿಗಳೂ ಉಪಾಧ್ಯಾಯರೂ ಬಹಿರಂಗ ಪತ್ರಕ್ಕೆ ಸಹಿಮಾಡಿ ಪ್ರತಿಭಟಿಸಿದರು. ಮಕ್ಕಳ ಪಾಠಭಾರವನ್ನು ಇಳಿಸುವುದಕ್ಕಾಗಿ ಹೀಗೆ ಮಾಡಿತೆಂದು ಕಾರಣ ಹೇಳಲಾಯಿತು. ಹತ್ತನೆಯ ತರಗತಿಗೇ ಓದು ನಿಲ್ಲುವ ಅಥವಾ ಮುಂದೆ ವಿಜ್ಞಾನವನ್ನು ಆರಿಸದ ಹೆಣ್ಣುಮಕ್ಕಳಿಗೆ ಇದನ್ನು ಕಲಿಯುವ ಅವಕಾಶವು ಮತ್ತೆ ಬರುವುದಿಲ್ಲವೆಂಬುದು ನಮಗೆ ಚಿಂತೆಯ ವಿಷಯ.

ಮೇಲೆ ಹೇಳಿದ ನಾಲ್ಕು ಆಕ್ಷೇಪಣೆಗಳನ್ನೂ ಕೂಡಿಸಿ ನೋಡಿದರೆ ಒಂದು ಸಂಗತಿಯು ತಿಳಿಯುತ್ತದೆ. ಆಕ್ಷೇಪಿಸುವವರ ಜಗಳವು ನಿಜವಾಗಿ ಎಲುಬುಗಳೊಡನೆಯೂ ಬಂಡೆಗಳೊಡನೆಯೂ ಇರುವುದು ಕಡಿಮೆ. ವೇದದ ಮೇಲಣ ಭರವಸೆ, ಸೃಷ್ಟಿಕರ್ತನ ಮಹಿಮೆ, ಮಾನವನ ಗೌರವ, ದುರ್ಬಲರ ಮೇಲಣ ಕನಿಕರ, ಈ ನಾಲ್ಕು ಹೋಗಿಬಿಟ್ಟಾವೆಂಬ ಹೆದರಿಕೆಯೇ ಮೂಲ. ಈ ನಾಲ್ಕೂ ಕಾಪಾಡತಕ್ಕವುಗಳೇ. ಆದರೆ ಸತ್ಯವಾದ ಒಂದು ಪಾಠವನ್ನು ಮರೆಮಾಡುವುದರಿಂದ ಅವುಗಳನ್ನು ಕಾಪಾಡಲು ಆಗದು. ಮುಚ್ಚಿಟ್ಟುದನ್ನು ಬೇರೆಡೆ ತಿಳಿದುಕೊಂಡ ದಿನ, ಮಗಳು ಪಾಠವನ್ನಲ್ಲ, ಮುಚ್ಚಿಟ್ಟವರನ್ನು ನಂಬದೆ ಹೋಗುವಳು.

ಆದಕಾರಣ ನಮ್ಮ ಶಾಲೆಯಲ್ಲಿ ಅನುಸರಿಸುತ್ತಿರುವ ಕ್ರಮವನ್ನು ಪೋಷಕರಿಗೆ ಸ್ಪಷ್ಟವಾಗಿ ತಿಳಿಸುತ್ತೇವೆ. ವಿಕಾಸದ ಪಾಠವನ್ನು ಏನೂ ಬಿಡದೆ ಕಲಿಸುತ್ತೇವೆ. ಯಾರಿಗೂ ಆ ಪಾಠದಿಂದ ವಿನಾಯಿತಿಯಿಲ್ಲ. ಸತ್ಯವೇದದ ತರಗತಿಯಲ್ಲಿ ಆದಿಕಾಂಡವನ್ನೂ ಅಷ್ಟೇ ಭಕ್ತಿಯಿಂದ ಓದುತ್ತೇವೆ. ಪರೀಕ್ಷೆಯಲ್ಲಿ ಬಾಲಿಕೆಯು ತೋರಿಸಬೇಕಾದುದು ತಿಳಿವಳಿಕೆಯನ್ನು. ಅವಳ ವಿಶ್ವಾಸಕ್ಕೆ ನಾವು ಅಂಕ ಹಾಕುವುದಿಲ್ಲ. ಯಾವ ಮಗುವಿನ ಸಂಶಯವನ್ನೂ, ಯಾವ ಮನೆಯ ಭಕ್ತಿಯನ್ನೂ ತರಗತಿಯಲ್ಲಿ ನಗೆಗೀಡು ಮಾಡಲು ಉಪಾಧ್ಯಾಯಿನಿಯರಿಗೆ ಅನುಮತಿಯಿಲ್ಲ. ಉತ್ತರ ತಿಳಿಯದ ಪ್ರಶ್ನೆ ಬಂದರೆ ತಿಳಿಯದೆಂದೇ ಹೇಳಬೇಕು.

ಅಂದು ಉತ್ತರವನ್ನು ಬರೆಯದೆ ಬಿಟ್ಟ ಬಾಲಿಕೆಯು ತನಗೆ ತಿಳಿದಷ್ಟು ಪ್ರಾಮಾಣಿಕಳಾಗಿದ್ದಳು. ಅವಳನ್ನು ಅವಸರಪಡಿಸಿದ ನಾವೇ ಹಾಗಿರಲಿಲ್ಲ. ಅವಳ ಮಗಳು ಈ ವರ್ಷ ಎಂಟನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಇನ್ನೆರಡು ವರ್ಷಗಳಲ್ಲಿ ಅದೇ ಪ್ರಶ್ನೆಯು ಅವಳ ಮುಂದೆ ಬರುವುದು. ಅವಳು ಅದಕ್ಕೆ ಪೂರ್ಣವಾದ ಉತ್ತರವನ್ನು ಬರೆದು, ಲೇಖನಿಯನ್ನು ಕೆಳಗಿಟ್ಟು, ಅಂದಿನ ಸಾಯಂಕಾಲದ ಪ್ರಾರ್ಥನೆಯಲ್ಲಿ ಕಳವಳವಿಲ್ಲದೆ ಕಣ್ಣು ಮುಚ್ಚುವಂತಾಗಲಿ ಎಂಬುದೇ ನಮ್ಮ ಬಯಕೆ.